ಅಪ್‌ಡೇಟ್: ನನ್ನ ಫೋಟೋಗಳು ಯಾಕೆ ಸಪ್ಪೆ ಅಂತ ಕೇಳಿದ್ದೆನಲ್ಲ

ಹತ್ತು ದಿನದ ಹಿಂದೆ ಮೂರು ಫೋಟೋ ಹಾಕಿ, ಶಾರ್ಪ್ ಆಗಿವೆ, ಬೆಳಕೂ ಚೆನ್ನಾಗಿದೆ, ಆದರೂ ಯಾಕೆ ಸಪ್ಪೆ, ಮುಲಾಜಿಲ್ಲದೆ ಹೇಳಿ ಅಂದಿದ್ದೆ. ಹೇಳಿದಿರಿ! ಮೊದಲ ದಿನ ಸ್ವಲ್ಪ ಉರಿಯಿತು, ಸುಳ್ಳು ಯಾಕೆ.

ಹೆಚ್ಚು ಕೆಲಸಕ್ಕೆ ಬಂದದ್ದು ಒಂದು ಮಾತು: ಬಟನ್ ಒತ್ತುವ ಮುಂಚೆ ಫ್ರೇಮಿನ ನಾಲ್ಕೂ ಅಂಚು, ಆಮೇಲೆ ತಲೆಯ ಹಿಂದೆ ಏನಿದೆ ನೋಡು. ಸೈಕಲ್ ಹಿಡಿದ ಹುಡುಗನ ಫೋಟೋದಲ್ಲಿ ಅವನ ತಲೆಯಿಂದಲೇ ಲೈಟ್ ಕಂಬ ಮೊಳೆತಂತಿತ್ತು, ಬಲಗಡೆ ಯಾರದ್ದೋ ಅರ್ಧ ಮೊಣಕೈ. ನನಗೆ ಕಂಡೇ ಇರಲಿಲ್ಲ, ಯಾಕಂದ್ರೆ ನಾನು ನೋಡುತ್ತಿದ್ದದ್ದು ಅವನ ನಗು ಮಾತ್ರ. ಮೊನ್ನೆ ಅದೇ ಜಾಗದಲ್ಲಿ ಎರಡು ಹೆಜ್ಜೆ ಎಡಕ್ಕೆ ಸರಿದು, ಮಂಡಿಯೂರಿ ತೆಗೆದೆ. ಕಂಬ ಪಕ್ಕಕ್ಕೆ ಹೋಯ್ತು, ತಲೆಯ ಹಿಂದೆ ಬರೀ ಆಕಾಶ.

ಗ್ರಿಡ್ ಹಾಕಿ, ಅಂದರೆ ಫ್ರೇಮನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡುವ ಗೆರೆಗಳನ್ನು ಹಾಕಿ, ಆ ಗೆರೆ ಮೇಲೆ ಆಳನ್ನು ಕೂರಿಸುವ ಸಲಹೆ ನನಗೆ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಹಿಂದೆ ಕಸ ಇದ್ದರೆ ಗೆರೆ ಏನು ಮಾಡೀತು, ಅಲ್ವಾ. ಹಿಂದಿನದು ಮಸುಕಾಗಲಿ ಅಂತ ಲೆನ್ಸಿನ ಕಿಂಡಿಯನ್ನು ಅಗಲವಾಗಿ, ಎಫ್ 1.8ಕ್ಕೆ ತೆರೆದರೆ ಕಂಬ ಮಸುಕು ಕಂಬ ಆಯ್ತು, ಅಷ್ಟೇ.

ಒಬ್ಬರು ಫೋಟೋ ತಲೆಕೆಳಗು ಮಾಡಿ ನೋಡಿ ಅಂದಿದ್ದರು, ಸುಮ್ನೆ ತಮಾಷೆ ಅಂದುಕೊಂಡಿದ್ದೆ. ಮಾಡಿದರೆ ಮುಖ ಮುಖವಾಗಿ ಕಾಣುವುದಿಲ್ಲ, ಮೂಲೆಯ ಬಿಳಿ ಚೀಲವೇ ಕಣ್ಣಿಗೆ ಹೊಡೆಯುತ್ತದೆ! ಹೊಸ ಫೋಟೋ ಕೆಳಗೆ ಹಾಕಿದ್ದೇನೆ, ಬೈಯುವುದಿದ್ದರೆ ಬೈಯಿರಿ.