ಓದಲು ಬಾರದ ಫೈಲೆಲ್ಲ ಎನ್‌ಕ್ರಿಪ್ಟ್ ಆದದ್ದೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಸಹಕಾರ ಸಂಘವೊಂದರ ಕಾರ್ಯದರ್ಶಿ. ತಂತ್ರಾಂಶ ಬದಲಾಯಿಸುವಾಗ ಹಳೆಯ ಪೂರೈಕೆದಾರರು ಮೂರು ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಕೊಟ್ಟು, ಎಲ್ಲವೂ ಎನ್‌ಕ್ರಿಪ್ಟ್ (ಕೀಲಿಯಿಲ್ಲದೆ ಓದಲಾಗದಂತೆ ಗೂಢಲಿಪಿಗೆ ಬದಲಾವಣೆ) ಆಗಿರುವುದರಿಂದ ಕಳೆದುಹೋದರೂ ಭಯವಿಲ್ಲ ಎಂದಿದ್ದಾರೆ. ಮೊದಲನೆಯದಾದ 2006ರ ನಡಾವಳಿಯಲ್ಲಿ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿಕೊಂಡಿವೆ. ಎರಡನೆಯದು ಸದಸ್ಯರ ಹೆಸರಿನ ಪಟ್ಟಿಯಂತೆ. ಅದರಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಸಾಲುಗಳು ಮಾತ್ರ ಇವೆ. ಮೂರನೆಯದು ಬ್ಯಾಕಪ್, ನೋಟ್‌ಪ್ಯಾಡಿನಲ್ಲಿ ತೆರೆದರೆ ತಲೆಬುಡ ತಿಳಿಯುವುದಿಲ್ಲ. ಅವರ ಮಾತು ನಿಜವೇ?

ಉತ್ತರ: ಮೊದಲ ಎರಡರ ಮಟ್ಟಿಗೆ ನಿಜವಲ್ಲವೆಂದೇ ತೋರುತ್ತದೆ. ನಡಾವಳಿ ಬಹುಶಃ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದದ್ದು. ನುಡಿಯಲ್ಲಾದರೆ ‘ಕ’ ಇರಬೇಕಾದ ಕಡೆ ಇಂಗ್ಲಿಷಿನ ‘ಪಿ’, ಅದರ ಪಕ್ಕದಲ್ಲಿ ತಲೆಯ ಮೇಲೆ ಗೆರೆಯಿರುವ ‘ಎ’ ಕಾಣುತ್ತದೆ. ಆ ಫಾಂಟನ್ನು ಹಾಕಿಕೊಂಡರೆ, ಇಲ್ಲವೇ ಈಗಿನ ಸಾರ್ವತ್ರಿಕ ಅಕ್ಷರ ಸಂಕೇತವಾದ ಯುನಿಕೋಡಿಗೆ ಪರಿವರ್ತಿಸಿದರೆ, ಯಾರು ಬೇಕಾದರೂ ಓದಬಹುದು.

ಎರಡನೆಯದು ಬೇಸ್64 ಇರಬೇಕು. ಇದು ಕೇವಲ ಬರೆಯುವ ಇನ್ನೊಂದು ರೀತಿಯಾಗಿದ್ದು, ಬಿಡಿಸುವುದಕ್ಕೆ ಕೀಲಿಯೇ ಬೇಕಿಲ್ಲ. ಕನ್ನಡದ ಮಟ್ಟಿಗೆ ಇದನ್ನು ಗುರುತಿಸುವ ಸುಲಭದ ಉಪಾಯವೊಂದಿದೆ: ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಚಿಹ್ನೆಗೂ ಮೂರು ಬೈಟ್ ಬೇಕು, ಆ ಮೂರು ಬೈಟ್ ಬೇಸ್64ರಲ್ಲಿ ನಾಲ್ಕು ಅಕ್ಷರಗಳಾಗುತ್ತವೆ. ಹೀಗಾಗಿ ಕನ್ನಡ ಹೆಸರಿನಿಂದ ಶುರುವಾಗುವ ಸಾಲಿನಲ್ಲಿ ನಾಲ್ಕು ನಾಲ್ಕಕ್ಕೊಮ್ಮೆ ‘4, ಎಲ್, ಕೆ’ ಅಥವಾ ‘4, ಎಲ್, ಓ’ ಮರುಕಳಿಸುತ್ತಿರುತ್ತದೆ. ಚೆನ್ನಾಗಿ ಎನ್‌ಕ್ರಿಪ್ಟ್ ಆದ ದತ್ತಾಂಶದಲ್ಲಿ ಇಂಥ ಲಯವೇ ಇರಕೂಡದು.

ಮೂರನೆಯದನ್ನು ನೋಡದೆ ಹೇಳಲಾಗದು. ಅದನ್ನು ಜಿಪ್ ಮಾಡಿ ನೋಡಿ: ಸಾಮಾನ್ಯ ಪಠ್ಯವಾದರೆ ಗಾತ್ರ ಗಣನೀಯವಾಗಿ ಇಳಿಯುತ್ತದೆ, ಎನ್‌ಕ್ರಿಪ್ಟ್ ಆದದ್ದು ಇಳಿಯುವುದಿಲ್ಲ.

ಪ್ರಶ್ನೆ: ಗಾತ್ರ ಸ್ವಲ್ಪವೂ ಇಳಿಯಲಿಲ್ಲ ಸರ್. ಹಾಗಾದರೆ ಎನ್‌ಕ್ರಿಪ್ಟ್ ಆಗಿದೆ ಎಂದಾಯಿತಲ್ಲವೇ? ಎರಡನೆಯ ಫೈಲಿನಲ್ಲಿ ನೀವು ಹೇಳಿದ ‘4, ಎಲ್, ಕೆ’ ಸಾಲು ಸಾಲಾಗಿ ಸಿಕ್ಕಿತು.

ಉತ್ತರ: ಇನ್ನೂ ಇಲ್ಲ. ಮೊದಲೇ ಕುಗ್ಗಿಸಿಟ್ಟ ಫೈಲು, ಜೆಪೆಗ್ ಚಿತ್ರ, ವಿಡಿಯೊ ಇವು ಕೂಡ ಮತ್ತೆ ಕುಗ್ಗುವುದಿಲ್ಲ. ಎಂಟ್ರೊಪಿ, ಅಂದರೆ ಬೈಟುಗಳು ಎಷ್ಟು ಯಾದೃಚ್ಛಿಕವಾಗಿವೆ ಎಂಬುದನ್ನು, ಅಳೆದರೂ ಇದೇ ತೊಡಕು: ಬೈಟಿಗೆ ಗರಿಷ್ಠ 8 ಬಿಟ್ ಎಂಬ ಮಿತಿಯ ಹತ್ತಿರಕ್ಕೆ ಎರಡು ಬಗೆಯವೂ ಬರುತ್ತವೆ. ಆದ್ದರಿಂದ ಬೈಟುಗಳನ್ನು ಇದ್ದಹಾಗೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಮೊದಲ ಕೆಲವು ಬೈಟುಗಳನ್ನು ನೋಡಬೇಕು. ಜೆಪೆಗ್ ‘ಎಫ್‌ಎಫ್ ಡಿ8 ಎಫ್‌ಎಫ್’ ಎಂದೂ, ಜಿಜಿಪ್ ‘1ಎಫ್ 8ಬಿ’ ಎಂದೂ ಶುರುವಾಗುತ್ತವೆ. ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಿಂದ ಪಾಸ್‌ವರ್ಡ್ ಕೊಟ್ಟು ಎನ್‌ಕ್ರಿಪ್ಟ್ ಮಾಡಿದ್ದರಲ್ಲಿ ಸಾಮಾನ್ಯವಾಗಿ ‘ಸಾಲ್ಟೆಡ್’ ಎಂಬ ಇಂಗ್ಲಿಷ್ ಪದವೇ ಮೊದಲಿಗೆ ಇರುತ್ತದೆ. ವೆರಾಕ್ರಿಪ್ಟ್ ಎಂಬ ಎನ್‌ಕ್ರಿಪ್ಶನ್ ತಂತ್ರಾಂಶ ಮಾತ್ರ ಯಾವ ಗುರುತನ್ನೂ ಬಿಡುವುದಿಲ್ಲ; ಅಲ್ಲಿ ಅನುಮಾನಪಡಬಹುದೇ ಹೊರತು ರುಜುವಾತು ಸಿಗದು.

ಪ್ರಶ್ನೆ: ಮೊದಲಿಗೆ ‘ಪಿ, ಕೆ’ ಎಂದಿದೆ.

ಉತ್ತರ: ಅದು ಜಿಪ್, ಆ ಎರಡಕ್ಷರ ಅದನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನದು. 7-ಜಿಪ್ ಎಂಬ ತಂತ್ರಾಂಶದಲ್ಲಿ ತೆರೆಯಿರಿ. ಪಾಸ್‌ವರ್ಡ್ ಇದ್ದರೂ ಒಳಗಿನ ಫೈಲುಗಳ ಹೆಸರು ಸಾಮಾನ್ಯವಾಗಿ ಕಾಣುತ್ತದೆ, ಅಷ್ಟಕ್ಕೇ ರಕ್ಷಣೆಯಿಲ್ಲ ಎಂದುಕೊಳ್ಳಬೇಡಿ. ಒಂದನ್ನು ಬಿಚ್ಚಲು ಹೋದಾಗ ಪಾಸ್‌ವರ್ಡ್ ಕೇಳದಿದ್ದರೆ ಎನ್‌ಕ್ರಿಪ್ಟ್ ಆಗಿಲ್ಲ. ಕೇಳಿದರೆ ಎನ್‌ಕ್ರಿಪ್ಟ್ ಮಾಡಿದ ವಿಧಾನವನ್ನು ತೋರಿಸುವ ‘ಮೆಥಡ್’ ಎಂಬ ಕಾಲಮನ್ನು ನೋಡಿ: ‘ಎಇಎಸ್-256’ ಎಂದಿದ್ದು ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಸರಿ. ‘ಜಿಪ್‌ಕ್ರಿಪ್ಟೊ’ ಎಂದಿದ್ದರೆ ಅದು 1994ರಲ್ಲೇ ಭೇದಿಸಲಾದ ವಿಧಾನ. ಹೊಸದಾಗಿ ಎನ್‌ಕ್ರಿಪ್ಟ್ ಮಾಡಿಸಿ. ಪಟ್ಟಿಯ ಫೈಲನ್ನಂತೂ ಆ ಪೆನ್‌ಡ್ರೈವಿನಿಂದ ಇಂದೇ ತೆಗೆಯಿರಿ.