ಊರಿನ ಸೂರ್ಯೋದಯ, ಸೂರ್ಯಾಸ್ತದ ಪಟ್ಟಿಯನ್ನು ವರ್ಷದ ವೇಳಾಪಟ್ಟಿಗೆ ಬಳಸುವುದು ಹೇಗೆ?

ಪ್ರಶ್ನೆ: ಹಗಲೆಣಿಕೆ

ನಮಸ್ಕಾರ. ನಮ್ಮ ಬಡಾವಣೆಯ ಆಟದ ಮೈದಾನ ಮತ್ತು ಒಳರಸ್ತೆಗಳ ದೀಪಗಳನ್ನು ಹೊತ್ತಿಸುವ, ಆರಿಸುವ ಸಮಯವನ್ನೂ, ಬೆಳಗಿನ ವ್ಯಾಯಾಮದ ಗುಂಪಿಗೆ ಮೈದಾನದ ಬಾಗಿಲು ತೆರೆಯುವ ಸಮಯವನ್ನೂ ಇಡೀ ವರ್ಷಕ್ಕೆ ನಿಗದಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಇದಕ್ಕಾಗಿ ಊರಿನ ಸೂರ್ಯೋದಯ, ಸೂರ್ಯಾಸ್ತ ಮತ್ತು ಹಗಲಿನ ಅವಧಿಯನ್ನು ಕೊಡುವ ಎರಡು ಪಟ್ಟಿಗಳನ್ನು ಹೋಲಿಸಿ ನೋಡಿದೆ. ಊರು ಒಂದೇ, ದಿನಾಂಕವೂ ಒಂದೇ. ಆದರೂ ಎರಡರ ನಡುವೆ ಮೂರು ನಾಲ್ಕು ನಿಮಿಷಗಳ ಅಂತರವಿದೆ. ಮೈದಾನದಲ್ಲಿ ನಿಂತು ನೋಡಿದರೆ ಸೂರ್ಯನು ಎರಡೂ ಪಟ್ಟಿಗಳು ಹೇಳುವುದಕ್ಕಿಂತ ಮೊದಲೇ ಪಶ್ಚಿಮದ ಗುಡ್ಡದ ಹಿಂದೆ ಮರೆಯಾಗುತ್ತಾನೆ.

ಇನ್ನೊಂದು ಸಂಶಯವೂ ಇದೆ. ನಮ್ಮದು ಉತ್ತರಾರ್ಧಗೋಳದ, ಸಮಭಾಜಕ ವೃತ್ತದಿಂದ ಬಹಳ ದೂರವಿಲ್ಲದ ಊರು. ಡಿಸೆಂಬರ್ 21 ಅಥವಾ 22ರಂದು ಹಗಲು ಅತ್ಯಂತ ಚಿಕ್ಕದಾಗಿದ್ದರೆ, ಮರುದಿನದಿಂದಲೇ ಸೂರ್ಯೋದಯ ಬೇಗನೆ ಆಗತೊಡಗಬೇಕಲ್ಲವೇ? ಎರಡೂ ಪಟ್ಟಿಗಳಲ್ಲಿ ಜನವರಿಯ ಬಹುಭಾಗದವರೆಗೂ ಅದು ತಡವಾಗುತ್ತಲೇ ಹೋಗಿದೆ. ಯಾವ ಪಟ್ಟಿಯನ್ನು ನಂಬಬೇಕು, ನನ್ನ ಕೆಲಸಕ್ಕೆ ಯಾವ ಸಮಯವನ್ನು ಆಧಾರವಾಗಿ ಇಟ್ಟುಕೊಳ್ಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನೆರಳುಗಂಬ

ಎರಡೂ ಪಟ್ಟಿಗಳು ಸರಿಯಾಗಿಯೇ ಇರುವ ಸಾಧ್ಯತೆ ಹೆಚ್ಚು. ಖಗೋಳ ಗಣಿತದಲ್ಲಿ ಇಂದು ಸಾಮಾನ್ಯವಾಗಿ ಬಳಸುವ ವ್ಯಾಖ್ಯೆಯ ಪ್ರಕಾರ, ಸಮತಟ್ಟಾದ ದಿಗಂತದ ಮೇಲೆ ಸೂರ್ಯಬಿಂಬದ ಮೇಲಂಚು ಮೊದಲು ಕಾಣುವ ಕ್ಷಣವೇ ಸೂರ್ಯೋದಯ, ಅದೇ ಮೇಲಂಚು ಕೊನೆಗೆ ಮರೆಯಾಗುವ ಕ್ಷಣವೇ ಸೂರ್ಯಾಸ್ತ. ವಾತಾವರಣವು ಬೆಳಕನ್ನು ಬಾಗಿಸುವುದರಿಂದ ದಿಗಂತದ ಬಳಿಯಲ್ಲಿರುವ ಸೂರ್ಯನು ತನ್ನ ನಿಜಸ್ಥಾನಕ್ಕಿಂತ ಅರ್ಧ ಡಿಗ್ರಿಗೂ ತುಸು ಹೆಚ್ಚು ಮೇಲೆ ಕಾಣುತ್ತಾನೆ. ಬಿಂಬದ ಅಗಲವೂ ಸುಮಾರು ಅರ್ಧ ಡಿಗ್ರಿಯೇ ಆದ್ದರಿಂದ, ಬಿಂಬದ ಕೆಳಗಿನ ಅಂಚು ದಿಗಂತವನ್ನು ಮುಟ್ಟಿದಂತೆ ಕಾಣುವ ಹೊತ್ತಿಗೆ ಇಡೀ ಸೂರ್ಯನು ವಾಸ್ತವವಾಗಿ ದಿಗಂತದ ಕೆಳಗೆ ಇಳಿದಾಗಿರುತ್ತಾನೆ! ಈ ಎರಡು ತಿದ್ದುಪಡಿಗಳನ್ನು ಕೂಡಿಸಿ, ಸೂರ್ಯನ ನಡುಬಿಂದು ದಿಗಂತಕ್ಕಿಂತ 0.83 ಡಿಗ್ರಿ ಕೆಳಗಿರುವ ಕ್ಷಣವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಇವನ್ನು ಬಿಟ್ಟು ಬರಿಯ ನಡುಬಿಂದುವಿನ ಲೆಕ್ಕ ಹಾಕಿದ ಪಟ್ಟಿಯಲ್ಲಿ ನಿಮ್ಮಂಥ ಊರಿಗೆ ಸೂರ್ಯೋದಯ ಮೂರೂವರೆ ನಿಮಿಷದಷ್ಟು ತಡವಾಗಿಯೂ ಸೂರ್ಯಾಸ್ತ ಅಷ್ಟೇ ಬೇಗನೆಯೂ ಬರುತ್ತದೆ. ಹಗಲು ರಾತ್ರಿಗಳು ಸಮನಾಗಿರುತ್ತವೆ ಎನ್ನುವ ವಿಷುವದ ದಿನದಲ್ಲಿಯೂ ಸಮಭಾಜಕ ವೃತ್ತದ ಮೇಲೆ ಹಗಲು ಸುಮಾರು 12 ಗಂಟೆ 7 ನಿಮಿಷ ಇರುವುದಕ್ಕೆ ಇದೇ ಕಾರಣ.

ನಿಮ್ಮ ಪಟ್ಟಿಗಳ ಅಂತರ ಯಾವ ಬಗೆಯದು ಎಂದು ತಿಳಿಯಲು ಸುಲಭವಾದ ದಾರಿಯಿದೆ. ಒಂದು ದಿನದ ಸೂರ್ಯೋದಯಕ್ಕೂ ಸೂರ್ಯಾಸ್ತಕ್ಕೂ ಸರಿಯಾಗಿ ನಡುವೆ ಬರುವ ಹೊತ್ತನ್ನು ಎರಡೂ ಪಟ್ಟಿಗಳಿಂದ ಲೆಕ್ಕ ಹಾಕಿ. ಆ ನಡುಹೊತ್ತು ಎರಡರಲ್ಲಿಯೂ ಒಂದೇ ಆಗಿದ್ದರೆ ಭೇದವಿರುವುದು ವ್ಯಾಖ್ಯೆಯಲ್ಲಿ ಮಾತ್ರ. ನಡುಹೊತ್ತೇ ಸರಿದಿದ್ದರೆ ಒಂದು ಪಟ್ಟಿಯು ಬೇರೆ ರೇಖಾಂಶಕ್ಕೆ, ಬಹುಶಃ ಪಕ್ಕದ ದೊಡ್ಡ ಪಟ್ಟಣಕ್ಕೆ ಸಿದ್ಧಪಡಿಸಿದ್ದು. ರೇಖಾಂಶದ ಪ್ರತಿ ಡಿಗ್ರಿಗೆ ನಾಲ್ಕು ನಿಮಿಷ ಎಂಬ ಲೆಕ್ಕದಲ್ಲಿ, ಸಮಭಾಜಕದ ಬಳಿ ಪೂರ್ವ ಪಶ್ಚಿಮವಾಗಿ 28 ಕಿಲೋಮೀಟರ್ ಸರಿದರೆ ಒಂದು ನಿಮಿಷದ ವ್ಯತ್ಯಾಸವಾಗುತ್ತದೆ. ಸೆಕೆಂಡುಗಳನ್ನೂ ಅಚ್ಚು ಹಾಕಿದ ಪಟ್ಟಿಗಳನ್ನು ಕಂಡರೆ ನನಗೆ ನಗು ಬರುತ್ತದೆ, ಏಕೆಂದರೆ ಗಾಳಿಯ ಉಷ್ಣತೆ ಮತ್ತು ಒತ್ತಡ ಬದಲಾದರೆ ಸಾಕು, ಕಣ್ಣಿಗೆ ಕಾಣುವ ಉದಯವೇ ಒಂದು ನಿಮಿಷದಷ್ಟು ಹಿಂದೆ ಮುಂದೆ ಆಗಬಹುದು.

ಗುಡ್ಡದ ವಿಷಯಕ್ಕೆ ಬಂದರೆ, ಪಟ್ಟಿಗೆ ನಿಮ್ಮ ಗುಡ್ಡದ ಪರಿಚಯವಿಲ್ಲ. ಕೈಯನ್ನು ನೇರವಾಗಿ ಚಾಚಿ ಹಿಡಿದಾಗ ಒಂದು ಬೆರಳಿನ ಅಗಲ ಸುಮಾರು ಎರಡು ಡಿಗ್ರಿಗೆ ಸಮ. ಗುಡ್ಡದ ನೆತ್ತಿಯು ದಿಗಂತದಿಂದ ಎರಡು ಬೆರಳು ಎತ್ತರವಿದ್ದರೆ, ನಿಮ್ಮ ಅಕ್ಷಾಂಶದಲ್ಲಿ ಬಿಸಿಲು ಪಟ್ಟಿಯ ಸಮಯಕ್ಕಿಂತ ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ತುಸು ಹೆಚ್ಚು ಮೊದಲೇ ಮರೆಯಾಗುತ್ತದೆ.

ಈಗ ಡಿಸೆಂಬರಿನ ಪ್ರಶ್ನೆ. ಹಗಲಿನ ಉದ್ದವನ್ನು ನಿರ್ಧರಿಸುವುದು ಭೂಮಿಯ ಅಕ್ಷದ 23.4 ಡಿಗ್ರಿ ಓರೆ ಮತ್ತು ನಿಮ್ಮ ಅಕ್ಷಾಂಶ. ಆ ಹಗಲು ಗಡಿಯಾರದ ಯಾವ ಭಾಗದಲ್ಲಿ ಕುಳಿತುಕೊಳ್ಳುತ್ತದೆ ಎಂಬುದು ಬೇರೆ ಮಾತು. ಸೂರ್ಯನು ನೆತ್ತಿಯ ರೇಖೆಯನ್ನು ದಾಟಿ ಮರುದಿನ ಮತ್ತೆ ಅಲ್ಲಿಗೆ ಬರಲು ವರ್ಷವಿಡೀ ಸರಿಯಾಗಿ 24 ಗಂಟೆಗಳನ್ನೇ ತೆಗೆದುಕೊಳ್ಳುವುದಿಲ್ಲ. ಜನವರಿಯ ಆರಂಭದಲ್ಲಿ ಭೂಮಿಯು ಸೂರ್ಯನಿಗೆ ಅತಿ ಹತ್ತಿರವಿದ್ದು ತನ್ನ ಕಕ್ಷೆಯಲ್ಲಿ ವೇಗವಾಗಿ ಚಲಿಸುತ್ತಿರುತ್ತದೆ. ಅಕ್ಷದ ಓರೆಯ ಪರಿಣಾಮವೂ ಆ ದಿನಗಳಲ್ಲಿ ಅದೇ ದಿಕ್ಕಿಗೆ ಕೂಡಿಕೊಳ್ಳುತ್ತದೆ. ಹೀಗಾಗಿ ಡಿಸೆಂಬರ್ ಕೊನೆಯಲ್ಲಿ ನಡುಹೊತ್ತು ದಿನಕ್ಕೆ ಅರ್ಧ ನಿಮಿಷದಂತೆ ತಡವಾಗುತ್ತ ಹೋಗಿ, ಸೂರ್ಯೋದಯವನ್ನೂ ಸೂರ್ಯಾಸ್ತವನ್ನೂ ತನ್ನೊಂದಿಗೆ ಎಳೆದೊಯ್ಯುತ್ತದೆ. ಸಮಭಾಜಕಕ್ಕೆ ಹತ್ತಿರದ ಊರುಗಳಲ್ಲಿ ಹಗಲಿನ ಉದ್ದ ಬಹಳ ನಿಧಾನವಾಗಿ ಬದಲಾಗುವುದರಿಂದ ಈ ಎಳೆತವೇ ಮೇಲುಗೈ ಪಡೆಯುತ್ತದೆ. 15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಅತಿ ಬೇಗನೆಯ ಸೂರ್ಯಾಸ್ತ ನವೆಂಬರಿನ ದ್ವಿತೀಯಾರ್ಧದಲ್ಲಿಯೂ ಅತಿ ತಡವಾದ ಸೂರ್ಯೋದಯ ಜನವರಿಯ ದ್ವಿತೀಯಾರ್ಧದಲ್ಲಿಯೂ ಬರುತ್ತವೆ. 40 ಡಿಗ್ರಿಯ ಬಳಿ ಇವೆರಡೂ ಡಿಸೆಂಬರ್ ಮತ್ತು ಜನವರಿಯ ಮೊದಲ ವಾರಗಳ ಸುಮಾರಿಗೆ, ಅಂದರೆ ಅತಿ ಚಿಕ್ಕ ಹಗಲಿಗೆ ಇನ್ನಷ್ಟು ಹತ್ತಿರಕ್ಕೆ ಸರಿಯುತ್ತವೆ.

ಉತ್ತರ: ಮುಸ್ಸಂಜೆ

ಮೇಲಿನ ವಿವರಣೆಗೆ ನನ್ನ ಸಹಮತವಿದೆ. ಆದರೆ ದೀಪದ ಕೆಲಸಕ್ಕೆ ಸೂರ್ಯಾಸ್ತದ ಅಂಕಣವನ್ನೇ ಬಳಸಬೇಕೆಂಬ ಊಹೆಯನ್ನು ನಾನು ಒಪ್ಪುವುದಿಲ್ಲ. ಸೂರ್ಯ ಮುಳುಗಿದ ಕೂಡಲೇ ಕತ್ತಲಾಗುವುದಿಲ್ಲವಷ್ಟೇ. ಸೂರ್ಯನು ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗಿನ ಹೊತ್ತನ್ನು ನಾಗರಿಕ ಸಂಧ್ಯಾಕಾಲ ಎನ್ನುತ್ತಾರೆ. ಒಳ್ಳೆಯ ಪಟ್ಟಿಗಳಲ್ಲಿ ಇದಕ್ಕೆ ಪ್ರತ್ಯೇಕ ಅಂಕಣವಿರುತ್ತದೆ. ಆಕಾಶ ಶುಭ್ರವಾಗಿದ್ದರೆ ಅಲ್ಲಿಯವರೆಗೆ ದೀಪವಿಲ್ಲದೆ ನಡೆಯಬಹುದು, ಎದುರಿಗೆ ಬರುವವರನ್ನು ಗುರುತಿಸಬಹುದು. 12 ಡಿಗ್ರಿಯವರೆಗಿನ ನಾವಿಕ ಸಂಧ್ಯಾಕಾಲವೂ 18 ಡಿಗ್ರಿಯವರೆಗಿನ ಖಗೋಳ ಸಂಧ್ಯಾಕಾಲವೂ ಬೀದಿದೀಪದ ಮಟ್ಟಿಗೆ ಅನಗತ್ಯ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವ್ಯಾಖ್ಯೆಯಲ್ಲಿಯೂ ರಾತ್ರಿ ಆರಂಭವಾಗುವುದು ಸೂರ್ಯಾಸ್ತಕ್ಕಲ್ಲ, ಸಂಜೆಯ ನಾಗರಿಕ ಸಂಧ್ಯಾಕಾಲ ಮುಗಿದಾಗ.

ನಿಮ್ಮ ಅಕ್ಷಾಂಶದಲ್ಲಿ ಈ ಅವಧಿ ವರ್ಷವಿಡೀ 21ರಿಂದ 24 ನಿಮಿಷಗಳ ಒಳಗೆ ಇರುತ್ತದೆ, ಏಕೆಂದರೆ ಅಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. 50 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯನ ದಾರಿ ಓರೆಯಾಗಿರುವುದರಿಂದ ಜೂನ್ ತಿಂಗಳಿನಲ್ಲಿ ಇದೇ ಅವಧಿ 40 ನಿಮಿಷಗಳನ್ನು ಮೀರುತ್ತದೆ. ಆದ್ದರಿಂದ ಸೂರ್ಯಾಸ್ತವಾಗಿ 15 ನಿಮಿಷಕ್ಕೆ ದೀಪ ಹೊತ್ತಿಸಿ, ಸೂರ್ಯೋದಯಕ್ಕೆ 15 ನಿಮಿಷ ಮೊದಲು ಆರಿಸಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಮರಗಳ ದಟ್ಟ ನೆರಳಿರುವ ಒಳರಸ್ತೆಗಳಿಗೆ ಮಾತ್ರ ಈ ಅಂತರ ಬೇಡ. ವ್ಯಾಯಾಮದ ಗುಂಪಿಗೂ ನಾಗರಿಕ ಸಂಧ್ಯಾಕಾಲದ ಆರಂಭವನ್ನೇ ತೆಗೆದುಕೊಳ್ಳಿ. ಮೋಡ ಕವಿದ ದಿನಗಳಿಗೆ ಯಾವ ಪಟ್ಟಿಯೂ ಉತ್ತರ ಕೊಡಲಾರದು; ಅದಕ್ಕೆ ಬೆಳಕನ್ನು ಗ್ರಹಿಸುವ ಸೆನ್ಸರ್ ಬೇಕು. ಆದರೆ ಸೆನ್ಸರಿನ ಮೇಲೆ ಧೂಳು ಕುಳಿತರೆ ಹಗಲಿನಲ್ಲಿಯೂ ದೀಪ ಉರಿಯುತ್ತದೆ ಎಂಬುದನ್ನೂ ಮರೆಯಬೇಡಿ.

ಉತ್ತರ: ಸಸಿಮಡಿ

ದೀಪಗಳ ಮಾತು ಬಂದದ್ದರಿಂದ ಒಂದು ಪಕ್ಕದ ಮಾತು. ಮೈದಾನದ ಅಂಚಿನಲ್ಲಿ ಸೇವಂತಿಗೆಯಂತಹ ಗಿಡಗಳಿದ್ದರೆ ಪ್ರಖರವಾದ ದೀಪಗಳನ್ನು ಅವುಗಳ ಕಡೆಗೆ ತಿರುಗಿಸಬೇಡಿ. ಇಂತಹ ಗಿಡಗಳು ಹೂ ಬಿಡಲು ಅಡ್ಡಿಯಿಲ್ಲದ ದೀರ್ಘ ಕತ್ತಲೆ ಬೇಕು. ಹೂವನ್ನು ಬೇಕೆಂದೇ ತಡಮಾಡಲು ಬೆಳೆಗಾರರು ನಡುರಾತ್ರಿ ದೀಪ ಹಾಕುವುದೂ ಇದೇ ತತ್ತ್ವದ ಮೇಲೆ. ಮಂದ ಬೆಳಕೂ ಗಿಡಕ್ಕೆ ಹಗಲಿನ ಲೆಕ್ಕವೇ ಆದ್ದರಿಂದ, ಬೆಳೆಯ ಯೋಜನೆಗೆ ಪಟ್ಟಿಯ ಹಗಲಿನ ಅವಧಿಯ ಜೊತೆಗೆ ಎರಡೂ ಕಡೆಯ ನಾಗರಿಕ ಸಂಧ್ಯಾಕಾಲವನ್ನು ಕೂಡಿಸಿಕೊಳ್ಳುವ ರೂಢಿಯಿದೆ.

ಹಗಲೆಣಿಕೆ

ಎಲ್ಲರಿಗೂ ಧನ್ಯವಾದಗಳು. ನಡುಹೊತ್ತನ್ನು ಲೆಕ್ಕ ಹಾಕಿದೆ. ಎರಡೂ ಪಟ್ಟಿಗಳಲ್ಲಿ ಅದು ಒಂದೇ ಇದೆ, ಹಾಗಾಗಿ ಭೇದ ವ್ಯಾಖ್ಯೆಯದೇ ಎಂದು ಸ್ಪಷ್ಟವಾಯಿತು. ಕೊನೆಯದಾಗಿ ಎರಡು ಮಾತು ಕೇಳಬೇಕಾಗಿದೆ. ಸಿದ್ಧಪಡಿಸಿದ ವೇಳಾಪಟ್ಟಿಯನ್ನು ಮುಂದಿನ ವರ್ಷಗಳಿಗೂ ಹಾಗೆಯೇ ಬಳಸಬಹುದೇ? ದೀಪದ ಟೈಮರನ್ನು ವರ್ಷದಲ್ಲಿ ಎಷ್ಟು ಸಲ ತಿದ್ದಬೇಕಾದೀತು?

ಉತ್ತರ: ನೆರಳುಗಂಬ

ಬಳಸಬಹುದು. ಅಧಿಕ ವರ್ಷದ ಚಕ್ರದಿಂದಾಗಿ ಒಂದೇ ದಿನಾಂಕದ ಸಮಯ ವರ್ಷದಿಂದ ವರ್ಷಕ್ಕೆ ಸ್ವಲ್ಪ ಕದಲುತ್ತದೆಯಾದರೂ, ನಿಮ್ಮ ಊರಿನಲ್ಲಿ ಆ ವ್ಯತ್ಯಾಸ ಒಂದು ನಿಮಿಷವನ್ನು ಮುಟ್ಟುವುದೂ ಅಪರೂಪ. ಟೈಮರನ್ನು ತಿದ್ದುವ ಮಟ್ಟಿಗೆ ನೀವು ಅದೃಷ್ಟವಂತರು. 15 ಡಿಗ್ರಿಯ ಬಳಿ ಹಗಲು ಅತಿ ವೇಗವಾಗಿ ಬದಲಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿಯೂ ದಿನಕ್ಕೆ ಒಂದು ನಿಮಿಷದ ಒಳಗೇ ವ್ಯತ್ಯಾಸವಿರುತ್ತದೆ. 50 ಡಿಗ್ರಿಯಲ್ಲಿ ಅದು ದಿನಕ್ಕೆ ನಾಲ್ಕು ನಿಮಿಷಗಳನ್ನು ಸಮೀಪಿಸುತ್ತದೆ. ಹದಿನೈದು ದಿನಗಳಿಗೊಮ್ಮೆ ತಿದ್ದಿದರೆ ಧಾರಾಳವಾಗಿ ಸಾಕು. ಊರಿನ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟರೆ ದಿನದಿನದ ಸಮಯವನ್ನು ತಾನೇ ಲೆಕ್ಕ ಹಾಕುವ ಟೈಮರುಗಳೂ ದೊರೆಯುತ್ತವೆ. ಅಂಥದ್ದನ್ನು ತಂದರೆ ಸೂರ್ಯಾಸ್ತದ ನಂತರದ 15 ನಿಮಿಷಗಳ ಅಂತರವನ್ನು ಅದರಲ್ಲಿಯೇ ನಮೂದಿಸಿ, ಮೈದಾನದ ಪಶ್ಚಿಮದ ಅಂಚಿಗೆ ಮಾತ್ರ ಗುಡ್ಡದ ನೆರಳನ್ನು ಗಮನಿಸಿ ಬೇರೆ ಅಂತರವನ್ನು ಇಟ್ಟುಕೊಳ್ಳಿ.