ಜೂಬಾಗೆ (ದಕ್ಷಿಣ ಸುಡಾನ್) ಕೆಲಸಕ್ಕೆ ಹೊರಟಿದೀನಿ, ಹೋಗಿ ಬಂದವ್ರು ಇದ್ರೆ ಹೇಳಿ

ಮಂಡ್ಯ ಹೈದ:
ಎಲ್ರಿಗೂ ನಮಸ್ಕಾರ. ನಾನು ಡಿಪ್ಲೊಮಾ ಎಲೆಕ್ಟ್ರಿಕಲ್, ಮೈಸೂರು ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಡಿಜಿ ಸೆಟ್ (ಡೀಸೆಲ್ ಜನರೇಟರ್) ಮೇಂಟೆನೆನ್ಸ್ ಮಾಡ್ಕೊಂಡಿದ್ದೆ. ಈಗ ಜೂಬಾದ ಒಂದು ಕ್ಯಾಂಪಲ್ಲಿ ಜನರೇಟರ್ ನೋಡ್ಕೊಳೋ ಕೆಲಸ ಸಿಕ್ಕಿದೆ, ಒಂದು ವರ್ಷ ಕಾಂಟ್ರ್ಯಾಕ್ಟು, ಊಟ ರೂಮು ಅವ್ರದ್ದೇ, ಬೆಂಗಳೂರಿಂದ ಆಡಿಸ್ ಅಬಾಬಾ ಅಲ್ಲಿಂದ ಜೂಬಾ ಅಂತ ಏಜೆಂಟ್ ಹೇಳವ್ನೆ, ಮುಂದಿನ ತಿಂಗಳು ಹೊರಡ್ಬೇಕು. 2018ರಲ್ಲಿ ಶಾಂತಿ ಒಪ್ಪಂದ ಆಗೈತೆ ಅಂತಾರೆ, ಆದ್ರೆ 2025ರಿಂದ ಮತ್ತೆ ಗಲಾಟೆ ಸುದ್ದಿ ಓದ್ತಿದೀನಿ. ಗದ್ದೆ ಮೇಲೆ ಸಾಲ, ತಂಗಿ ಓದು, ಹೋಗ್ಲೇಬೇಕು ಅನ್ಸುತ್ತೆ, ಭಯಾನೂ ಆಯ್ತದೆ. ಅವ್ವಂಗೆ ಬರೀ ಆಫ್ರಿಕಾ ಅಂತ ಹೇಳಿದೀನಿ. ಏನೇನು ವಿಚಾರಿಸ್ಕೊಂಡು ಹೋಗ್ಬೇಕು?

ಬನ್ನೂರಿನವ:
ತಮ್ಮಾ, ನಾನು ಅಲ್ಲಿ ಕೆಲಸ ಮಾಡಿದೀನಿ. ಸಂಬಳದ ಮಾತು ಆಮೇಲೆ, ಮೊದ್ಲು ಕಂಪನಿಯವ್ರಿಗೆ ಒಂದು ಪ್ರಶ್ನೆ ಕೇಳು: ಗುಂಡಿನ ಚಕಮಕಿ ಶುರುವಾಗಿ ಏರ್‌ಪೋರ್ಟ್ ಮುಚ್ಚಿದ್ರೆ ನನ್ನನ್ನ ಯಾರು, ಹೆಂಗೆ ಆಚೆಗೆ ಕರ್ಕೊಂಡೋಗ್ತೀರಾ? ಉತ್ತರ ಬಾಯಲ್ಲಿ ಬೇಡ, ಮೇಲ್‌ನಲ್ಲಿ ಬರ್ಲಿ. ಆ ದೇಶಕ್ಕೆ ಸಮುದ್ರ ಇಲ್ಲ, ಹಡಗು ಬರಲ್ಲ. ಜೂಬಾದಿಂದ ಉಗಾಂಡಾ ಬಾರ್ಡರ್ ನಿಮುಲೆಗೆ ಡಾಂಬರ್ ರಸ್ತೆ ಇದೆ, ಹತ್ರತ್ರ 190 ಕಿ.ಮೀ., ಆದ್ರೆ ಗಲಾಟೆ ಟೈಮಲ್ಲಿ ಆ ದಾರೀಲಿ ಒಬ್ಬೊಬ್ರೇ ಹೋಗೋ ಹಂಗಿಲ್ಲ. 2016 ಜುಲೈನಲ್ಲಿ ಅಲ್ಲಿ ಜಗಳ ಹತ್ತಿದಾಗ ನಮ್ ಏರ್‌ಫೋರ್ಸ್ ಸಿ-17 ವಿಮಾನ ಕಳಿಸಿ ಜನಾನ ಕರ್ಕೊಂಡ್ ಬಂತು, ಆಪರೇಷನ್ ಸಂಕಟ್ ಮೋಚನ್ ಅಂತ, ಆದ್ರೆ ಅದು ಬರೋವರ್ಗೂ ಒಳಗೇ ಕೂತಿರ್ಬೇಕಲ್ಲ? ಅದಕ್ಕೇ ಕ್ಯಾಂಪಲ್ಲಿ ಬಂಕರ್ ಇದ್ಯಾ, ಎಷ್ಟ್ ದಿನದ ನೀರು, ರೇಷನ್, ಡೀಸೆಲ್ ಸ್ಟಾಕ್ ಇಟ್ಟಿರ್ತಾರೆ ಅಂತ ಕೇಳು. ಡೀಸೆಲ್ ಲೆಕ್ಕ ನಿನ್ ಕೈಲೇ ಇರುತ್ತೆ, ಕರೆಂಟ್ ಹೋದ್ರೆ ಬೋರ್‌ವೆಲ್ಲು ರೇಡಿಯೋ ಎಲ್ಲ ನಿಂತೋಗುತ್ತೆ, ಅದನ್ನ ಹಗುರಾಗಿ ತಗೋಬೇಡ.

ಹಳೇ ಸೀರೀಸ್ ಡಾಲರ್ ನೋಟು, ಹರಿದಿರೋದು ಅಲ್ಲಿ ತಗೊಳಲ್ಲ, ಹೊಸವೇ ಒಯ್ಯಿ. ಮಿಲಿಟರಿ, ಸೇತುವೆ, ಏರ್‌ಪೋರ್ಟ್ ಕಡೆ ಮೊಬೈಲ್ ಎತ್ತಿ ಫೋಟೋ ತೆಗೀಲೇಬೇಡ.

ಹುಣಸೂರು ರೋಡ್:
ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲಿ ಚೇಂಜ್ ಮಾಡ್ಸೋಣ ಅಂದ್ರೆ ಒಪ್ಕೋಬೇಡಿ ಬ್ರದರ್. ಇನ್ನೊಂದು, ನೀವು ಡಿಪ್ಲೊಮಾ ಅಂದ್ಮೇಲೆ ನಿಮ್ದು ಇಸಿಆರ್ (ಎಮಿಗ್ರೇಷನ್ ಚೆಕ್ ಬೇಕು ಅನ್ನೋ) ಪಾಸ್‌ಪೋರ್ಟ್ ಇರಲ್ಲ. ಹತ್ತನೇ ಕ್ಲಾಸ್ ಪಾಸಾಗ್ದೇ ಇರೋವ್ರು ದಕ್ಷಿಣ ಸುಡಾನ್‌ಗೆ ಕೆಲಸಕ್ಕೆ ಹೋಗ್ಬೇಕಂದ್ರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ನಿಮಗೆ ಅದು ಬೇಡ, ಕೇಳಕ್ಕೆ ಚೆನ್ನಾಗಿದೆ ಆದ್ರೆ ನಿಮ್ ಕಾಂಟ್ರ್ಯಾಕ್ಟ್ ನೋಡೋ ಸರ್ಕಾರಿ ಕಣ್ಣು ಒಂದೂ ಇರಲ್ಲ ಅಂತ ಅದರರ್ಥ. ಫಾರಿನ್ ಕೆಲಸಕ್ಕೆ ಹೋಗೋರಿಗೆ ಅಂತ ಕೇಂದ್ರ ಸರ್ಕಾರದ್ದು ಇರೋ ಇ-ಮೈಗ್ರೇಟ್ ಸೈಟಲ್ಲಿ ಏಜೆಂಟ್ ರಿಜಿಸ್ಟರ್ ಆಗವ್ನಾ ನೋಡಿ, ಫೀಸು 30,000 ಮತ್ತೆ ಜಿಎಸ್‌ಟಿಗಿಂತ ಜಾಸ್ತಿ ತಗೊಳೋ ಹಂಗಿಲ್ಲ.

2023 ಏಪ್ರಿಲ್‌ನಲ್ಲಿ ನಮ್ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಪಕ್ಕದ ಸುಡಾನ್‌ನಲ್ಲಿ ಯುದ್ಧದ ಮಧ್ಯೆ ಸಿಕ್ಕಾಕೊಂಡಿದ್ದು ನೆನಪಿದ್ಯಲ್ಲ, ಅನ್ನ ನೀರಿಗೆ ಪರದಾಡಿದ್ರು, ಆಮೇಲೆ ಪೋರ್ಟ್ ಸುಡಾನ್ ಸೇರಿ ನಮ್ ಸರ್ಕಾರದ ಆಪರೇಷನ್ ಕಾವೇರಿಲಿ ಸೌದಿಯ ಜೆಡ್ಡಾ ಮೇಲೆ ಬಂದ್ರು. ಯಾರ್ ಎಲ್ಲವ್ರೆ ಅಂತ ಎಂಬೆಸಿಗೆ ಗೊತ್ತಿದ್ರೇನೇ ಕರ್ಕೊಂಡ್ ಬರಕ್ಕಾಗೋದು. ಜೂಬಾದಲ್ಲಿ ನಮ್ ಎಂಬೆಸಿ ಇದೆ, ಇಳಿದ ತಕ್ಷಣ ಹೆಸರು ಬರೆಸಿ.

ಸರಸ್ವತಿಪುರಂ ಅಕ್ಕ:
ನಮ್ಮನೆಯವ್ರು ಇರಾಕ್‌ನಲ್ಲಿದ್ರು, ಮನೇಲಿ ಕಾಯೋರ ಕಡೆಯಿಂದ ಹೇಳ್ತೀನಿ ಕಣಪ್ಪ. ಅಮ್ಮಂಗೆ ನಿಜ ಹೇಳಿ ಹೋಗು. ಟಿವೀಲಿ ಜೂಬಾ ಅಂತ ಬಂದಾಗ ಮಗ ಅಲ್ಲೇ ಅವ್ನೆ ಅಂತ ಪಕ್ಕದ್ಮನೆಯವ್ರಿಂದ ಗೊತ್ತಾದ್ರೆ ಆ ತಾಯಿ ಗತಿ ಏನು? ಕಾಂಟ್ರ್ಯಾಕ್ಟು, ಪಾಸ್‌ಪೋರ್ಟು, ಕಂಪನಿ ಎಮರ್ಜೆನ್ಸಿ ನಂಬರು, ಎಂಬೆಸಿ ನಂಬರು ತಂಗಿ ಕೈಗೆ ಕೊಡು, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕೋದು ಅವ್ಳಿಗೆ ತೋರ್ಸಿಬಿಡು. ವಾರಕ್ಕೆ ಯಾವತ್ತು ಫೋನ್ ಮಾಡ್ತೀಯ ಅಂತ ಗೊತ್ತು ಮಾಡ್ಕೊಳಿ, ಅದು ತಪ್ಪಿದ್ರೆ ಮೊದ್ಲು ಯಾರಿಗೆ ಕಾಲ್ ಮಾಡ್ಬೇಕು ಅನ್ನೋದೂ ಮಾತಾಡ್ಕೊಂಡಿರಿ. ಇನ್ಶೂರೆನ್ಸ್ ಕಾಗದ ಪೂರ್ತಿ ಓದು, ಮಾಮೂಲಿ ಟ್ರಾವೆಲ್ ಪಾಲಿಸೀಲಿ ಯುದ್ಧದಿಂದ ಆದ ಹಾನಿಗೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ, ಯುದ್ಧಾನೂ ಸೇರಿರೋ ಪಾಲಿಸಿ ಕಂಪನಿ ಮಾಡಿಸ್ಬೇಕು.

ಮಂಡ್ಯ ಹೈದ:
ಅಣ್ಣ, ಅಕ್ಕ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಏರ್‌ಪೋರ್ಟ್ ಮುಚ್ಚಿದ್ರೆ ಏನು ಅನ್ನೋದು, ಇನ್ಶೂರೆನ್ಸ್, ವರ್ಕ್ ಪರ್ಮಿಟ್ ಎಲ್ಲ ಸೇರಿಸಿ ಕಂಪನಿಗೆ ಮೇಲ್ ಹಾಕಿದೀನಿ, ಸರಿಯಾಗಿ ಉತ್ತರ ಬರ್ಲಿಲ್ಲ ಅಂದ್ರೆ ಹೋಗಲ್ಲ. ಭಾನುವಾರ ಮಾವನ್ನ ಕರ್ಕೊಂಡು ಅವ್ವನ ಹತ್ರ ಕೂತು ಮಾತಾಡ್ತೀನಿ. ಯೆಲ್ಲೋ ಫೀವರ್ ಇಂಜೆಕ್ಷನ್ ಯಾವಾಗ ಹಾಕಿಸ್ಬೇಕು?

ಬನ್ನೂರಿನವ:
ಹೊರಡೋಕೆ 10 ದಿನ ಮುಂಚೇನೇ ಆಗಿರ್ಬೇಕು, ಅಲ್ಲಿವರೆಗೂ ಸರ್ಟಿಫಿಕೇಟ್ ಚಾಲ್ತಿಗೆ ಬರಲ್ಲ. ಬೆಂಗಳೂರಿನ ಸರ್ಕಾರಿ ಸೆಂಟರ್‌ಗೆ ಈಗ್ಲೇ ಅಪಾಯಿಂಟ್‌ಮೆಂಟ್ ತಗೋ. ಆ ಕಾರ್ಡನ್ನ ಪಾಸ್‌ಪೋರ್ಟ್ ಜೊತೇಲೇ ಇಟ್ಕೋ, ವಾಪಸ್ ಬರುವಾಗ ಇಲ್ಲೂ ಕೇಳ್ತಾರೆ, ಇಲ್ದಿದ್ರೆ 6 ದಿನದವರೆಗೆ ಕ್ವಾರಂಟೈನ್‌ಗೆ ಹಾಕ್ಬೋದು. ಮಲೇರಿಯಾಗೆ ಬೇರೆ ಮಾತ್ರೆ, ಡಾಕ್ಟರ್ ಕೇಳಿ ತಗೋ, ಸೊಳ್ಳೆ ಪರದೆ ಮರೀಬೇಡ. ಮೇಲ್‌ಗೆ ಏನ್ ಉತ್ತರ ಬಂತು ಅಂತ ಇಲ್ಲೇ ಹಾಕು, ನೋಡಿ ಹೇಳ್ತೀನಿ.